ಕಣ್ಣು ತಪ್ಪಿತೆಂದು ಮಡೆಪ್ಪ ಹೇಳಿದ್ದು

ನನ್ನ ಮೈದುನ ಮಡೆಪ್ಪನಿಗೆ ಒಂದು ಚಟವಿದೆ. ಕೈಗೆ ಏನೇ ಕೊಟ್ಟರೂ ಮೊದಲು ಅಂಗೈ ಮೇಲೆ ಏರಿಸಿ ಇಳಿಸಿ ತೂಕ ನೋಡುತ್ತಾನೆ. ತಾಟಿನಲ್ಲಿ ರೊಟ್ಟಿ ಹಾಕಿದರೆ ಆ ರೊಟ್ಟಿಗೂ ಅದೇ ಮರ್ಯಾದೆ. ಅವನ ಹೆಂಡತಿ ಗಂಗುಬಾಯಿ, ಇದು ಜೋಳದ ರೊಟ್ಟಿ, ಲಾರಿ ಸಾಮಾನಲ್ಲ, ಸುಮ್ಮನೆ ತಿನ್ನು ಎಂದು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅವನು ನಗುತ್ತಾನೆ. ಮರುದಿನ ಅಂಗೈ ಮತ್ತೆ ಏಳುತ್ತದೆ, ಇಳಿಯುತ್ತದೆ.

ಅವನ ಕೆಲಸ ಬಸವಕಲ್ಯಾಣದ ಆಟೋನಗರದಲ್ಲಿ. ದುಡಿದು ದಣಿದ ಲಾರಿಗಳು ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತವೆ. ಬಂದ ಲಾರಿಯನ್ನು ಬಿಚ್ಚಿ ಗಾಲಿ ಒಂದು ಕಡೆ, ಗೇರ್ ಬಾಕ್ಸ್ ಒಂದು ಕಡೆ, ಎಂಜಿನ್ ಒಂದು ಕಡೆ ಇಟ್ಟು ಮಾರುತ್ತಾರೆ. ಅಲ್ಲಿ ಅಜೀಮ್ ಸಾಹೇಬರ ಅಂಗಳದಲ್ಲಿ ಮಡೆಪ್ಪ ಬಹಳ ವರ್ಷಗಳಿಂದ ಇದ್ದಾನೆ. ಬಿಚ್ಚಿದ ಸಾಮಾನಿನಲ್ಲಿ ಯಾವುದಕ್ಕೆ ಇನ್ನೂ ಜೀವವಿದೆ, ಯಾವುದು ಕರಗಿಸುವ ಭಟ್ಟಿಗೆ ಹೋಗಬೇಕು ಎಂದು ನೋಡಿ ಹೇಳುವುದು ಅವನ ಕೆಲಸ. ಬೇರೆ ಅಂಗಳದವರೂ ಸಾಮಾನು ತಂದು ಅವನ ಮುಂದೆ ಇಟ್ಟು, ಒಮ್ಮೆ ಕಣ್ಣಾಡಿಸು ಎನ್ನುತ್ತಾರೆ. ಮಡೆಪ್ಪ ಹೌದೆಂದರೆ ಹೌದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮವರು ಮಂಠಾಳದಲ್ಲಿದ್ದರು. ಕುರಿಗಳಿದ್ದವು. ಅದರ ಜೊತೆಗೆ ಮಾವನವರದು ಎತ್ತಿನ ವ್ಯಾಪಾರ. ಮಡೆಪ್ಪ ಆಗ ಚಿಕ್ಕವನು. ಶಾಲೆಯ ಕಡೆ ಮುಖ ಮಾಡಿದ್ದಕ್ಕಿಂತ ಅಪ್ಪನ ಹಿಂದೆ ದನದ ಸಂತೆಗೆ ನಡೆದದ್ದೇ ಹೆಚ್ಚು. ಮಾವನವರು ಅವನಿಗೆ ಕಲಿಸಿದ್ದು ಒಂದೇ ವಿದ್ಯೆ: ಜೋಡಿ ಕೂಡಿಸುವುದು. ಒಂದೆತ್ತು ಎಷ್ಟೇ ಚೆಂದವಿರಲಿ, ಅದಕ್ಕೆ ತಕ್ಕ ಇನ್ನೊಂದು ಇಲ್ಲದಿದ್ದರೆ ನೊಗ ಓರೆಯಾಗುತ್ತದೆ. ಎತ್ತರ ಅದೇ ಇರಬೇಕು, ಹೆಜ್ಜೆ ಅದೇ ಇರಬೇಕು, ಕೊಂಬಿನ ತಿರುವು ಕೂಡ ಆದಷ್ಟು ಅದೇ ಇರಬೇಕು. ಮಾವನವರು ಒಂದೆತ್ತನ್ನು ಹಿಡಿದುಕೊಂಡು ಅದರಂಥದೇ ಇನ್ನೊಂದಕ್ಕಾಗಿ ಸಂತೆಯಿಂದ ಸಂತೆಗೆ ಅಲೆಯುತ್ತಿದ್ದರು. ಸಿಕ್ಕ ದಿನ ಮನೆಗೆ ಬಂದು ಎರಡನ್ನೂ ಅಂಗಳದಲ್ಲಿ ನಿಲ್ಲಿಸಿ, ನೋಡ್ರಿ, ಒಂದೇ ತಾಯಿ ಹೊಟ್ಟೆಯಿಂದ ಬಿದ್ದಂಗಿಲ್ಲೇನು ಎಂದು ನಮ್ಮನ್ನೆಲ್ಲ ಕರೆದು ತೋರಿಸುತ್ತಿದ್ದರು.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ವ್ಯಾಪಾರ ಇಳಿಯಿತು. ಮಾವನವರು ತೀರಿಕೊಂಡ ಮೇಲೆ ನಾವೆಲ್ಲ ಕಲ್ಯಾಣಕ್ಕೆ ಬಂದೆವು, ಮಡೆಪ್ಪ ಆಟೋನಗರದಲ್ಲಿ ಸಾಮಾನು ಇಳಿಸುವ ಹಮಾಲಿಗೆ ಸೇರಿದ. ಇಳಿಸುವಾಗ ಸುಮ್ಮನೆ ಇಳಿಸುತ್ತಿರಲಿಲ್ಲ. ಗೇರಿನ ಹಲ್ಲಿನ ನಡುವೆ ಹೆಬ್ಬೆರಳು ಆಡಿಸಿ, ಇದಕ್ಕೆ ವಯಸ್ಸಾಗಿದೆ, ಇದು ಇನ್ನೂ ಹರೆಯದ್ದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಅಜೀಮ್ ಸಾಹೇಬರು ಕೇಳಿಸಿಕೊಂಡರು. ಹಮಾಲಿ ಬಿಡಿಸಿ ತಪಾಸಣೆಗೆ ಕೂಡಿಸಿದರು.

ಅವನ ತಪಾಸಣೆ ನೋಡುವುದಕ್ಕೆ ಚೆಂದ. ಕಬ್ಬಿಣವನ್ನು ತಂತಿಯಲ್ಲಿ ತೂಗುಬಿಟ್ಟು ಬೋಲ್ಟು ಬಿಚ್ಚುವ ಪಾನಾದಿಂದ ಮೆಲ್ಲಗೆ ಬಡಿಯುತ್ತಾನೆ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಬಹಳ ಹೊತ್ತು ಗುನುಗುತ್ತದೆ, ಬಿರುಕು ಬಿಟ್ಟದ್ದು ಒಡಕು ಗಡಿಗೆಯ ಹಾಗೆ ಅಲ್ಲಿಗೇ ಸುಮ್ಮನಾಗುತ್ತದೆ. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಸುಣ್ಣದ ಪುಡಿ ಸವರುತ್ತಾನೆ. ಕೂದಲಿನಷ್ಟು ಬಿರುಕಿದ್ದರೂ ಅದರೊಳಗೆ ಕುಳಿತ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಉದ್ದನೆಯ ಸಾಮಾನಾದರೆ ಕಿಟಕಿಯ ಗಾಜಿನ ಮೇಲೆ ಉರುಳಿಸುತ್ತಾನೆ. ಸೊಟ್ಟಗಿದ್ದರೆ ಅಡಿಯಿಂದ ಬೆಳಕು ಇಣುಕುತ್ತದೆ.

ಆಟೋನಗರದ ಇನ್ನೊಂದು ರೀತಿಯನ್ನೂ ಇಲ್ಲಿಯೇ ಹೇಳಬೇಕು. ಅಲ್ಲಿ ವ್ಯಾಪಾರಕ್ಕೆ ಮೊದಲು ಇಳಿದವರಲ್ಲಿ ಎತ್ತಿನ ವ್ಯಾಪಾರದ ಮನೆಯವರು ಬಹಳ ಇದ್ದರು. ಹಾಗಾಗಿ ದನದ ಸಂತೆಯ ಕಟ್ಟಳೆ ಲಾರಿ ಸಾಮಾನಿಗೂ ಬಂದುಬಿಟ್ಟಿತು. ಕೊಡುವವನು, ಕೊಳ್ಳುವವನು ಇಬ್ಬರೂ ಒಂದು ಟವೆಲಿನ ಕೆಳಗೆ ಕೈ ಕೂಡಿಸುತ್ತಾರೆ. ಮಾತೆಲ್ಲ ಬೆರಳಿನಲ್ಲಿ. ಸುತ್ತ ನಿಂತವರಿಗೆ ಏನು ಕುದುರಿತೆಂದು ತಿಳಿಯುವುದಿಲ್ಲ. ಕೈ ಹೊರಗೆ ಬಂದಿತೋ, ವ್ಯಾಪಾರ ಮುಗಿಯಿತು. ಹಡೆದ ಅಪ್ಪ ಬಂದರೂ ಮುರಿಯುವಂತಿಲ್ಲ. ಮುರಿಯಲು ಒಂದೇ ದಾರಿ. ಚಹಾದ ಅಂಗಡಿಯಲ್ಲಿ ಎಲ್ಲರೂ ಕೂಡಿದ ಹೊತ್ತಿಗೆ, ತಲೆಯ ಮೇಲಿನ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು, ನನ್ನ ಕಣ್ಣು ತಪ್ಪಿತು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೂ ಎದುರಿನವನು ಹಿಂದಕ್ಕೆ ಕೊಡಲೇಬೇಕೆಂದಿಲ್ಲ. ಮೇಲಾಗಿ ಹೇಳಿದವನ ಕಣ್ಣನ್ನು ಜನ ಬಹಳ ದಿನ ನಂಬುವುದಿಲ್ಲ. ಅದಕ್ಕೇ ಯಾರೂ ಹೇಳುವುದಿಲ್ಲ. ನಷ್ಟವಾದರೂ ನುಂಗಿಕೊಂಡು ಹೋಗುತ್ತಾರೆ.

ಈಗ ಓಂಪ್ರಕಾಶನ ವಿಷಯ. ಅವನು ದುಬಲಗುಂಡಿಯವನು, ಹಳೇ ಸಾಮಾನಿಗೆಂದು ಆಟೋನಗರಕ್ಕೆ ಬಂದು ಬಂದು ಮಡೆಪ್ಪನಿಗೆ ಹತ್ತಿರವಾದವನು, ಅವನಿಗಿಂತ ಬಹಳ ಚಿಕ್ಕವನು, ಕಾಕಾ ಎಂದು ಕರೆಯುತ್ತಾನೆ. ಹೈದರಾಬಾದಿನಲ್ಲಿ ದೊಡ್ಡ ಕಾರುಗಳ ವರ್ಕ್‌ಶಾಪಿನಲ್ಲಿ ದುಡಿದು ಕೆಲಸ ಕಲಿತವನು. ನಮ್ಮ ಕಡೆ ಹೈವೇ ಮೇಲೆ ಎಂಥೆಂಥ ಕಾರುಗಳು ಹಾಯುತ್ತವೆ, ಕೆಟ್ಟರೆ ನೋಡುವವರಿಲ್ಲ ಎಂದುಕೊಂಡು ಹುಮನಾಬಾದಿಗೆ ಬಂದು ರಸ್ತೆಯ ಪಕ್ಕ ತಗಡಿನ ಶೆಡ್ಡು ಹಾಕಿದ. ಕಾರುಗಳು ಹಾಯ್ದವು, ನಿಲ್ಲಲಿಲ್ಲ. ನಿಂತವರು ದಾರಿ ಕೇಳಿ ಹೋದರು. ಅವನ ಕೈಗೆ ಬಂದದ್ದು ಟ್ರ್ಯಾಕ್ಟರು, ಮೂರು ಗಾಲಿಯ ಟಂಟಂ, ನೀರಿನ ಮೋಟಾರು. ತಗಡಿನ ಶೆಡ್ಡಿನವನಿಗೆ ದೊಡ್ಡ ಕಾರು ಬಿಡಲು ಯಾರಿಗೂ ಧೈರ್ಯವಿರಲಿಲ್ಲ.

ಮೊದಲು ಬಿಟ್ಟವರು ಮಹಾರುದ್ರಪ್ಪನವರು. ಹುಮನಾಬಾದಿನಲ್ಲಿ ಬೇಳೆಕಾಳಿನ ವ್ಯಾಪಾರ, ದೊಡ್ಡ ಮನೆತನ. ಅವರಲ್ಲಿ ಜರ್ಮನಿಯ ಒಂದು ಹಳೇ ಕಾರಿದೆ. ಅದು ನಡುಗಲು ಶುರುವಾಯಿತು, ಎಂಜಿನ್ನಿನ ಒಳಗೆ ಟಕಟಕ ಸದ್ದು. ಹೈದರಾಬಾದಿನವರು ಎಂಜಿನ್ನೇ ಬದಲಿಸಬೇಕು ಎಂದಿದ್ದರಂತೆ. ಮಹಾರುದ್ರಪ್ಪನವರಿಗೆ ಅದು ಮನಸ್ಸಿಗೆ ಬರಲಿಲ್ಲ. ಓಂಪ್ರಕಾಶ ಬಿಚ್ಚಿ ನೋಡಿ, ಕ್ಯಾಮ್ ಶಾಫ್ಟ್ ಸವೆದಿದೆ, ಅದು ಸಿಕ್ಕರೆ ಎಂಜಿನ್ ಉಳಿಯುತ್ತದೆ ಎಂದ.

ಕ್ಯಾಮ್ ಶಾಫ್ಟ್ ಎಂದರೇನೆಂದು ನನಗೆ ಮಡೆಪ್ಪ ಲಟ್ಟಣಿಗೆ ಹಿಡಿದು ತಿಳಿಸಿದ. ಎಂಜಿನ್ನಿನ ತಲೆಯೊಳಗೆ ಲಟ್ಟಣಿಗೆಯಂಥ ಉದ್ದನೆಯ ಕಬ್ಬಿಣದ ದಂಡ ಮಲಗಿರುತ್ತದೆ. ಅದರ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ದಂಡ ತಿರುಗಿದಂತೆ ಒಂದೊಂದು ಉಬ್ಬೂ ತನ್ನ ಸರದಿಗೆ ಕೆಳಗಿನ ಬಾಗಿಲನ್ನು ಒತ್ತಿ ತೆರೆಯುತ್ತದೆ. ಗಾಳಿ ಒಳಗೆ ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಎಂಜಿನ್ ಉಸಿರಾಡುವುದು ಹಾಗೆ. ಉಬ್ಬು ಸವೆದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಕಾರು ದಮ್ಮು ಹಿಡಿದವರ ಹಾಗೆ ಕೆಮ್ಮುತ್ತದೆ.

ಕಾರಿನ ಕಂಪನಿಯವರಲ್ಲಿ ಹೊಸದನ್ನು ಕೇಳಿದರೆ, ಇಷ್ಟು ಹಳೆಯ ಕಾರಿಗೆ ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಮಹಾರುದ್ರಪ್ಪನವರು ಫೋನಿನಲ್ಲಿ ಹುಡುಕಿ ದಿಲ್ಲಿಯಿಂದ ಒಂದನ್ನು ಪಾರ್ಸಲ್ ತರಿಸಿದರು. ಪೆಟ್ಟಿಗೆ ಚೆಂದ, ಒಳಗಿನ ಎಣ್ಣೆ ಕಾಗದ ಚೆಂದ. ಓಂಪ್ರಕಾಶ ಅಳತೆ ಹಿಡಿದರೆ ಉಬ್ಬುಗಳು ಗಿಡ್ಡ. ಸವೆದದ್ದನ್ನೇ ತಿಕ್ಕಿ ಹೊಳಪು ಕೊಟ್ಟು ಮೇಲೆ ಹೊಸ ನಂಬರು ಕೊರೆದಿದ್ದರು. ಪಾರ್ಸಲ್ ನೋಡಲು ಬಾ ಎಂದು ಓಂಪ್ರಕಾಶ ಕರೆಸಿದ್ದರಿಂದ ಮಡೆಪ್ಪ ಆ ದಿನ ಅಲ್ಲಿಯೇ ಇದ್ದ. ನಂಬರಿನ ಮೇಲೆ ಉಗುರು ಆಡಿಸಿ, ಇದು ಮೊನ್ನೆ ಮೊನ್ನೆ ಕೊರೆದದ್ದು, ಅಂಚು ಇನ್ನೂ ಚುಚ್ಚುತ್ತದೆ ಎಂದ. ಇಬ್ಬರ ಮಾತೂ ಕೂಡಿತು, ಪಾರ್ಸಲ್ ವಾಪಸ್ ಹೋಯಿತು. ಹಾಗಾದರೆ ನೀವೇ ಹುಡುಕಿ ಎಂದರು ಮಹಾರುದ್ರಪ್ಪನವರು. ಆದರೆ ಶನಿವಾರದ ಗಡುವು ಹಾಕಿದರು. ಶನಿವಾರ ಸಂಜೆ ಹೈದರಾಬಾದಿನಿಂದ ಕಾರು ಎತ್ತಿಕೊಂಡು ಹೋಗುವ ಲಾರಿ ಬರುತ್ತದೆ, ಆಗಲೇ ಹೇಳಿಟ್ಟಿದ್ದೇನೆ ಎಂದರು.

ಓಂಪ್ರಕಾಶ ಆ ದಿನ ಮಡೆಪ್ಪನನ್ನು ಬಸ್ಸಿನವರೆಗೆ ಕಳಿಸಲು ಬಂದು ಹೇಳಿದ ಮಾತನ್ನು ಮಡೆಪ್ಪ ಮನೆಯಲ್ಲಿ ಹಾಗೆಯೇ ಹೇಳಿದ. “ಕಾಕಾ, ಈ ಕಾರ್ ನನ್ನ ಶೆಡ್ಡಿನಾಗಿಂದ ಲಾರಿ ಮ್ಯಾಲ ಹೇರಿಸಿಕೊಂಡು ಹೋತಂದ್ರ ಹುಮನಾಬಾದ ಮಂದಿ ಎಲ್ಲ ನಿಂತು ನೋಡ್ತದ. ಆಮ್ಯಾಲ ನನ್ನ ಬಾಗಿಲಿಗಿ ಒಂದು ಕಾರ್ ಬರೂದಿಲ್ಲ. ಶೆಡ್ಡ ಮುಚ್ಚಿ ಹೈದರಾಬಾದಿಗಿ ಹೊಳ್ಳಿ ಹೋಗೂದೇ ಗತಿ.”

ಮಡೆಪ್ಪ ಹುಡುಕಲು ಹೊರಟ. ಆಟೋನಗರ ಲಾರಿಗಳ ಜಾಗ, ಅಂಥ ಕಾರು ಅಲ್ಲಿಗೆ ಬರುವುದು ಅಪರೂಪ. ಅವನ ಪುಣ್ಯಕ್ಕೆ ಅಜೀಮ್ ಸಾಹೇಬರು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಲಾರಿಗಳ ಜೊತೆ ಅದೇ ಜಾತಿಯ ಒಂದು ಕಾರೂ ಬಂದಿತ್ತು. ಹಿಂದಿನಿಂದ ಟ್ಯಾಂಕರ್ ಗುದ್ದಿ ಹಿಂಭಾಗ ಮುದ್ದೆಯಾಗಿತ್ತು, ಮುಂದಿನ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಓಂಪ್ರಕಾಶ ತಾನು ಬಿಚ್ಚಿದ ಶಾಫ್ಟಿನ ಫೋಟೋ ಕಳಿಸಿದ್ದ, ಅದರಲ್ಲಿ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಎಂಜಿನ್ನಿಗೆ ಎರಡು ಶಾಫ್ಟ್, ಇನ್ನೊಂದನ್ನು ಇನ್ನೂ ಬಿಚ್ಚಿಲ್ಲ, ಅದೂ ಸವೆದ ಹಾಗಿದೆ, ಎರಡನ್ನೂ ತನ್ನಿ ಎಂದಿದ್ದ.

ಲಾರಿಯ ಎಂಜಿನ್ನಿಗೆ ಇರುವುದು ಒಂದೇ ಕ್ಯಾಮ್ ಶಾಫ್ಟ್. ಎರಡು ಶಾಫ್ಟಿನ ಎಂಜಿನ್ ಮಡೆಪ್ಪನ ಕೈಗೆ ಬಂದದ್ದು ಅದೇ ಮೊದಲು.

ಬಿಚ್ಚಿದ. ಎರಡನ್ನೂ ಗೋಣಿತಟ್ಟಿನ ಮೇಲೆ ಒಂದರ ಪಕ್ಕ ಒಂದು ಮಲಗಿಸಿದ. ಒಂದರ ನಂಬರು ಫೋಟೋದಲ್ಲಿದ್ದ ಹಾಗೆಯೇ ಇತ್ತು. ಇನ್ನೊಂದರದು ಕೊನೆಯಲ್ಲಿ ಬೇರೆ. ನೋಡಲೂ ಬೇರೆ. ಉಬ್ಬುಗಳು ಕುಳಿತ ದಿಕ್ಕು ಬೇರೆ, ತುದಿಯ ಬಳೆ ಬೇರೆ. ಮೇಲಿನ ಬೋಲ್ಟುಗಳ ತಲೆಗಳು ಮೊದಲೇ ಸವೆದಿದ್ದವು. ಅಂದರೆ ಹಿಂದೆ ಯಾರೋ ಈ ಎಂಜಿನ್ ಬಿಚ್ಚಿದ್ದಾರೆ. ಮಡೆಪ್ಪನ ತಲೆಯಲ್ಲಿ ಲೆಕ್ಕ ಕೂಡಿತು. ಬಿಚ್ಚಿದವನು ಒಳ್ಳೆಯದೊಂದನ್ನು ಹಾರಿಸಿ, ಯಾವುದೋ ಕಾರಿನದನ್ನು ತುರುಕಿ ಮಾರಿದ್ದಾನೆ. ಆಟೋನಗರದಲ್ಲಿ ಇಂಥದ್ದು ದಿನಾ ನೋಡುವ ಮೋಸ. ಅಜೀಮ್ ಸಾಹೇಬರೂ ಬಗ್ಗಿ ನೋಡಿ, ಜೋಡಿ ಅಲ್ಲ ಇದು ಎಂದರು.

ಓಂಪ್ರಕಾಶನಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲರೂ ಬಂದು ಅವನನ್ನು ಕೇಳುವ ಜಾಗದಲ್ಲಿ ಕುಳಿತು ಕುಳಿತು, ಇನ್ನೊಬ್ಬರನ್ನು ಕೇಳುವ ರೂಢಿ ತಪ್ಪಿಹೋಗಿತ್ತು.

ಆಟೋನಗರದಲ್ಲೇ ವ್ಯಾಪಾರ ಮಾಡುವ ಬಂದೇನವಾಜ್‌ನ ಅಂಗಳದಲ್ಲಿ, ಫೋಟೋದಲ್ಲಿದ್ದಂಥದೇ ಒಂದು ಶಾಫ್ಟ್ ಒಂಟಿಯಾಗಿ ಗೋಡೆಗೆ ತೂಗಿದ್ದು ಮಡೆಪ್ಪನಿಗೆ ನೆನಪಿತ್ತು. ಹೋಗಿ ಇಳಿಸಿ ನೋಡಿದ. ಅದೇ ನಂಬರು, ಅದೇ ಉಬ್ಬು, ತುದಿಯ ಬಳೆಯೂ ಅದೇ. ತನ್ನ ಕೈಯಲ್ಲಿದ್ದ ಒಳ್ಳೆಯದರ ಪಕ್ಕ ಇಟ್ಟರೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಬಡಿದ, ಗುನುಗಿತು. ಸುಣ್ಣ ಸವರಿದ, ಗೆರೆ ಮೂಡಲಿಲ್ಲ. ಉಬ್ಬುಗಳಿದ್ದು ಉರುಳದ್ದರಿಂದ ಗಾಜಿನ ಅಂಚಿನಗುಂಟ ಹಿಡಿದು ನೋಡಿದ, ನೆಟ್ಟಗಿತ್ತು. ಟವೆಲಿನ ಕೆಳಗೆ ಕೈ ಕೂಡಿಸಿ, ಬೇರೆ ಕಂಡ ಶಾಫ್ಟನ್ನೂ ಮೇಲೊಂದು ಲಾರಿ ಜಾಕಿಯನ್ನೂ ಬಂದೇನವಾಜ್‌ಗೆ ಕೊಟ್ಟು ಆ ಒಂಟಿಯನ್ನು ತಂದ. ಬಂದೇನವಾಜ್‌ಗೆ ಒಳಗುಟ್ಟು ಗೊತ್ತಿತ್ತೋ ಇಲ್ಲವೋ, ಆಟೋನಗರದಲ್ಲಿ ಕೊಡುವವನು ಕೊಳ್ಳುವವನಿಗೆ ಬುದ್ಧಿ ಹೇಳುವ ಪದ್ಧತಿಯಿಲ್ಲ. ಆ ಸಂಜೆ ಮಡೆಪ್ಪ ಮನೆಗೆ ಬಂದು ಎರಡನ್ನೂ ಕಟ್ಟೆಯ ಮೇಲೆ ಇಟ್ಟು ನಮ್ಮನ್ನು ಕರೆದ. ನೋಡ್ರಿ ವೈನಿ, ಜೋಡಿ ಅಂದ್ರ ಹೀಂಗಿರಬೇಕು ಎಂದ. ಮಾವನವರು ನಿಂತಂತೆಯೇ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ.

ಶುಕ್ರವಾರ ಎರಡನ್ನೂ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ಹೋದ. ಮಹಾರುದ್ರಪ್ಪನವರು ಅಲ್ಲಿಯೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಕಾರು ಬಿಚ್ಚಿದ ದಿನದಿಂದ ಅವರು ಅಂಗಡಿಯ ಕೆಲಸ ಮುಗಿಸಿ ಅಲ್ಲಿಗೆ ಬಂದು ಕೂಡುವುದು, ಬಂದವರಿಗೆಲ್ಲ ಕಾರಿನ ಕಥೆ ಹೇಳುವುದು ನಡೆದಿತ್ತು. ಓಂಪ್ರಕಾಶ ಅಷ್ಟರಲ್ಲಿ ಹಳೆಯ ಎರಡೂ ಶಾಫ್ಟುಗಳನ್ನು ಬಿಚ್ಚಿ ಒರೆಸಿ ಮೇಜಿನ ಮೇಲೆ ಇಟ್ಟಿದ್ದ. ಮಡೆಪ್ಪ ತಂದದ್ದನ್ನು ಬಿಚ್ಚಿ ಅವುಗಳ ಪಕ್ಕ ಇಟ್ಟ.

ಓಂಪ್ರಕಾಶ ಒಂದನ್ನು ಎತ್ತಿ ಹಳೆಯದರ ಜೊತೆ ಹಿಡಿದು ನೋಡಿದ, ತಲೆಯಾಡಿಸಿದ. ಇನ್ನೊಂದನ್ನು ಎತ್ತಿದ. ಹಳೆಯ ಎರಡರ ಕಡೆ ನೋಡಿದ, ಹೊಸ ಎರಡರ ಕಡೆ ನೋಡಿದ. ಮಡೆಪ್ಪನಿಗೂ ಅಷ್ಟರಲ್ಲಿ ಕಾಣಿಸಿತ್ತು. ಹಳೆಯ ಎರಡೂ ಒಂದರ ಹಾಗೆ ಒಂದಿರಲಿಲ್ಲ. ತಾನು ಕೊಟ್ಟು ಬಂದದ್ದು ಯಾವುದೆಂದು ಅವನಿಗೆ ಅಲ್ಲಿ ನಿಂತಲ್ಲೇ ತಿಳಿಯಿತು.

“ಕಾಕಾ, ಇವೆರಡೂ ಹೊಗಿ ಹೊರಗ ಹಾಕುವ ಕಡಿವೇ ಅದಾವ,” ಎಂದ ಓಂಪ್ರಕಾಶ ಮೆಲ್ಲಗೆ. “ಹೊಗಿಗೊಂದು, ಗಾಳಿಗೊಂದು ಬೇಕಲ್ಲ. ಗಾಳಿ ಒಳಗ ತರುವುದು ಎಲ್ಲದ?”

“ಕಲ್ಯಾಣದಾಗ ಅದ,” ಎಂದ ಮಡೆಪ್ಪ. “ಅದು ನನ್ನ ಕೈಯಾಗೇ ಇತ್ತು. ನಾನೇ ಕೊಟ್ಟು ಬಂದೀನಿ.”

ಮಹಾರುದ್ರಪ್ಪನವರು ಕುರ್ಚಿಯಿಂದ ಎದ್ದು ಬಂದು ನಾಲ್ಕನ್ನೂ ನೋಡಿದರು. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಅದು ಇನ್ನೂ ಕೆಟ್ಟದಾಗಿತ್ತು ಎಂದು ಮಡೆಪ್ಪ ಆಮೇಲೆ ಹೇಳಿದ. “ಛಲೋ ಆತು ನೋಡು,” ಎಂದರಂತೆ ಅವರು. “ಮದಿವಿ ಹಂದರಕ್ಕ ಇಬ್ಬರು ಗಂಡುಗೋಳನ್ನ ಕರ್ಕೊಂಡು ಬಂದೀರಿ. ಹೆಣ್ಣು ಊರಾಗೇ ಉಳದದ.” ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಓಂಪ್ರಕಾಶ ನಗಲಿಲ್ಲ. ಮಹಾರುದ್ರಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು, ಲಾರಿ ನಾಳೆ ಸಂಜೆ ಬರುತ್ತದೆ, ಬರಲಿ ಎಂದು ಹೇಳಿ ಹೊರಟರು.

ಮಡೆಪ್ಪ ಆ ಒಂಟಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಮುಂದಿನ ಬಸ್ಸಿಗೇ ಹೊಳ್ಳಿದ. ಬಂದೇನವಾಜ್‌ನ ಅಂಗಳಕ್ಕೆ ಹೋದರೆ ಶಾಫ್ಟ್ ಅದೇ ಗೋಡೆಗೆ ತೂಗಿತ್ತು. ಬಂದೇನವಾಜ್ ಕೆಟ್ಟವನಲ್ಲ. ಕೈ ಟವೆಲಿನ ಹೊರಗೆ ಬಂದಾಗಿದೆ ಭಾಯ್, ನಿನಗೆ ಗೊತ್ತಿಲ್ಲದ ಕಾಯದೆಯೇ, ಇಲ್ಲಿ ಮೂಲೆಯಲ್ಲಿ ಕೊಟ್ಟರೆ ನಾಳೆ ನನ್ನ ಬಾಗಿಲಿಗೆ ಎಲ್ಲರೂ ಬರುತ್ತಾರೆ, ಬೇಕಾದರೆ ಚಹಾದ ಅಂಗಡಿಯಲ್ಲಿ ಕೇಳು ಎಂದ. ನಾಳೆ ಮಧ್ಯಾಹ್ನ ತನ್ನ ಮಾಲು ಸೋಲಾಪುರಕ್ಕೆ ಹೋಗುತ್ತದೆ, ಇದೂ ಅದರ ಜೊತೆ ಹೋಗುತ್ತದೆ ಎಂದೂ ಹೇಳಿದ.

ಆ ಸಂಜೆ ಮಡೆಪ್ಪ ರೊಟ್ಟಿಯನ್ನು ತೂಗದೆ ಮುರಿದ. ಗಂಗುಬಾಯಿ ನನ್ನ ಮುಖ ನೋಡಿದಳು. ಕೇಳಿದ ಮೇಲೆ ಎಲ್ಲವನ್ನೂ ಹೇಳಿದ. ಇಷ್ಟು ವರ್ಷ ಜನ ನಂಬಿದ್ದು ನನ್ನ ಕಣ್ಣನ್ನು, ಕಣ್ಣು ತಪ್ಪಿತೆಂದು ನನ್ನ ಬಾಯಿಯಿಂದಲೇ ಹೇಳಿದರೆ ನಾಳೆಯಿಂದ ನಾನು ಅಲ್ಲಿ ಏನು ಮಾಡಬೇಕು, ಮತ್ತೆ ಹಮಾಲಿಯೇ ಎಂದ. ಅಜೀಮ್ ಸಾಹೇಬರೂ ಹೇಳಬೇಡ ಎಂದಿದ್ದರಂತೆ. ಹುಮನಾಬಾದಿನ ಹುಡುಗನಿಗೆ ಬೇರೆ ಹುಡುಕೋಣ, ಇವತ್ತಲ್ಲ ನಾಳೆ ಸಿಗುತ್ತದೆ, ನಮ್ಮ ಅಂಗಳದ ಹೆಸರು ಕೆಡಿಸಬೇಡ ಎಂದಿದ್ದರಂತೆ.

“ಶನಿವಾರ ಅಂದ್ರ ನಾಳೀನೇ ಅಲ್ಲೇನು?” ಎಂದಳು ಗಂಗುಬಾಯಿ.

“ನಾಳೀನೇ.”

“ಹಂಗಾದ್ರ ಹೇಳು. ನಾಲಿಗಿ ಏನು ನಿನ್ನ ಕ್ಯಾಮ್ ಶಾಫ್ಟ್ ಏನು, ಒಂದು ಮಾತಿಗಿ ಸವದ ಹೋಗಾಕ?”

ಮಡೆಪ್ಪ ನನ್ನ ಕಡೆ ನೋಡಿದ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಬೆಳಿಗ್ಗೆ ಆಟೋನಗರದ ಚಹಾದ ಅಂಗಡಿಯಲ್ಲಿ ಕೂಡಲು ಜಾಗವಿರುವುದಿಲ್ಲ. ಬಂದೇನವಾಜ್ ಬಾಕಿನ ಮೇಲೆ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತಿದ್ದ. ಮಡೆಪ್ಪ ಒಳಗೆ ಹೋಗಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಟೊಪ್ಪಿಗೆ ಕೈಗೆ ಬಂದದ್ದನ್ನು ಕಂಡ ಕೂಡಲೇ ಮಾತು ತಾನಾಗಿ ನಿಂತಿತಂತೆ. ಅಲ್ಲಿ ಕುಳಿತ ಎಷ್ಟೋ ಮಂದಿ ಈ ಕಟ್ಟಳೆಯನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ.

“ಬಂದೇನವಾಜ್ ಭಾಯ್ ಜೋಡಿ ನಾ ಟವೆಲ್ ಕೆಳಗ ವ್ಯಾಪಾರ ಮಾಡೀನಿ,” ಎಂದ ಮಡೆಪ್ಪ. “ಜೋಡಿ ಬಿಟ್ಟು ಒಂಟಿ ಒಯ್ದೀನಿ. ನನ್ನ ಕಣ್ಣು ತಪ್ಪಿತು. ಕೊಡೂದು ಬಿಡೂದು ಅವರ ಮರ್ಜಿ.”

ಅಜೀಮ್ ಸಾಹೇಬರು ಹೊರಗೆ ರಸ್ತೆಯ ಕಡೆ ಮುಖ ಮಾಡಿಕೊಂಡರು. ಬಂದೇನವಾಜ್ ಬಸಿಯ ಚಹಾ ಪೂರ್ತಿ ಕುಡಿದ. ಆಮೇಲೆ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಬಸಿ ಎತ್ತಿ ಹಿಡಿದ.

“ಇದನ್ನ ನೋಡು ಮಡೆಪ್ಪಾ ಭಾಯ್. ಇದೂ ಜೋಡಿನೇ. ಒಂದರಂಗ ಒಂದದ ಏನು? ಎರಡೂ ಕಪ್ಪೇ ಇದ್ರ ನಾ ಚಾ ಎದರಾಗ ಆರಸ್ಲಿ?”

ಅಂಗಡಿಯೆಲ್ಲ ನಕ್ಕಿತು. ಮಡೆಪ್ಪನಿಗೂ ನಗು ಬಂದುಬಿಟ್ಟಿತಂತೆ. ಹಾಗಾದರೆ ಬಂದೇನವಾಜ್‌ಗೆ ಮೊದಲೇ ಗೊತ್ತಿತ್ತೇ ಎಂದು ನಾನು ಆಮೇಲೆ ಕೇಳಿದೆ. ಗೊತ್ತಿರಬಹುದು, ನಾನು ಕೇಳಲಿಲ್ಲ, ಕೇಳಿ ಏನು ಮಾಡುವುದು ವೈನಿ ಎಂದ. ಬಂದೇನವಾಜ್ ಅವನನ್ನು ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಶಾಫ್ಟ್ ಇಳಿಸಿ ಕೊಟ್ಟ. ಒಂಟಿಯನ್ನು ಹಿಂದೆ ಪಡೆದು ಅದೇ ಮೊಳೆಗೆ ತೂಗುಹಾಕಿದ. “ಜಾಕಿ ಮಾತ್ರ ಹೊಳ್ಳಿ ಬರೂದಿಲ್ಲ,” ಎಂದನಂತೆ. “ಅದು ನಿನ್ನ ಕಣ್ಣಿನ ಫೀಸು.”

ಮಡೆಪ್ಪ ಅಲ್ಲಿಂದಲೇ ಬಸ್ಸು ಹತ್ತಿದ. ಈ ಸಲ ಓಂಪ್ರಕಾಶ ಯಾರ ಕಣ್ಣನ್ನೂ ನಂಬಲಿಲ್ಲ, ತನ್ನದನ್ನೂ ನಂಬಲಿಲ್ಲ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನಂಬರು ಗಟ್ಟಿಯಾಗಿ ಓದಿದ, ಮಡೆಪ್ಪ ಬೆರಳಿಟ್ಟು ತಾಳೆ ನೋಡಿದ. ಆಮೇಲೆ ಮಡೆಪ್ಪ ಓದಿದ, ಓಂಪ್ರಕಾಶ ನೋಡಿದ. ಉಬ್ಬು ಉಬ್ಬಿಗೂ ಅಳತೆ ಹಿಡಿದರು. ಎಣ್ಣೆ ಹೋಗುವ ತೂತುಗಳಲ್ಲಿ ತಂತಿ ಆಡಿಸಿದರು. ಗಾಜು ಇರಲಿಲ್ಲ, ಮಹಾರುದ್ರಪ್ಪನವರ ಕಾರಿನ ಕಿಟಕಿಯ ಗಾಜನ್ನೇ ಅರ್ಧ ಇಳಿಸಿ ಅದರ ಅಂಚಿನಗುಂಟ ಹಿಡಿದು ನೆಟ್ಟಗಿದೆಯೇ ಎಂದು ನೋಡಿದರು. ಎಲ್ಲ ಬರಾಬರ್ ಇತ್ತು.

ಕೂಡಿಸುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಎರಡು ಶಾಫ್ಟುಗಳೂ ಅವನ್ನು ತಿರುಗಿಸುವ ಸರಪಳಿಗೆ ಸರಿಯಾಗಿ ಕೂಡಬೇಕು, ಒಂದು ಹಲ್ಲು ಆಚೀಚೆಯಾದರೂ ಬಾಗಿಲುಗಳು ಒಳಗೆ ಬಡಿದು ಎಂಜಿನ್ ಪುಡಿಯಾಗುತ್ತದೆ. ಓಂಪ್ರಕಾಶ ಕೂಡಿಸಿದ, ಕೈಯಿಂದಲೇ ಎಂಜಿನ್ ತಿರುಗಿಸಿ ನೋಡಿದ, ಮನಸ್ಸಿಗೆ ಬರಲಿಲ್ಲ, ಬಿಚ್ಚಿ ಮತ್ತೆ ಕೂಡಿಸಿದ. ಮಡೆಪ್ಪ ಪಾನಾ ಕೊಡುತ್ತ, ಬೋಲ್ಟು ಒರೆಸುತ್ತ ಪಕ್ಕದಲ್ಲಿ ನಿಂತಿದ್ದ. ಮಹಾರುದ್ರಪ್ಪನವರು ಕುರ್ಚಿಯ ಮೇಲೆ ಕುಳಿತಿದ್ದರು. ಲಾರಿಯವನಿಗೆ ಬೇಡವೆಂದು ಅವರು ಇನ್ನೂ ಫೋನು ಮಾಡಿರಲಿಲ್ಲ. ರಸ್ತೆಯ ಆಚೆಯ ಹೋಟೆಲಿನವರು, ಬಾಳೆಹಣ್ಣಿನ ಗಾಡಿಯವರು ಒಬ್ಬೊಬ್ಬರೇ ಬಂದು ನಿಂತರು. ಕಾರು ಲಾರಿ ಹತ್ತುವುದನ್ನು ನೋಡಲು ಬಂದವರೇ ಅವರೆಲ್ಲ.

ಬಿಸಿಲು ಇಳಿದ ಮೇಲೆ ಓಂಪ್ರಕಾಶ ಕೈ ಒರೆಸಿಕೊಂಡು ಚಾವಿಯನ್ನು ಮಹಾರುದ್ರಪ್ಪನವರ ಮುಂದೆ ಹಿಡಿದ. ನೀವೇ ಚಾಲೂ ಮಾಡಿ ಎಂದ. ಅವರು ಒಳಗೆ ಕುಳಿತು ಚಾವಿ ತಿರುಗಿಸಿದರು. ಮೊದಲ ಸಲ ಎಂಜಿನ್ ಬರೀ ಗಿರಗುಟ್ಟಿತು. ಎರಡನೆಯ ಸಲವೂ ಅಷ್ಟೆ. ನಿಂತವರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡ. ಎಣ್ಣೆ ಮೇಲೇರಬೇಕು, ಇನ್ನೊಮ್ಮೆ ತಿರುಗಿಸಿ ಎಂದ ಓಂಪ್ರಕಾಶ, ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು. ಮೂರನೆಯ ಸಲಕ್ಕೆ ಹಿಡಿಯಿತು. ಸ್ವಲ್ಪ ಹೊತ್ತು ಟಕಟಕ ಎಂದಿತು, ಆ ಸದ್ದು ಸಣ್ಣದಾಗುತ್ತ ಸಣ್ಣದಾಗುತ್ತ ಹೋಯಿತು, ಆಮೇಲೆ ಎಂಜಿನ್ ನಡೆದಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕಾಯಿತು. ಬಾಳೆಹಣ್ಣಿನವನು, ನಿಂತುಹೋಯಿತೇ ಎಂದು ಕೇಳಿದನಂತೆ.

ಮಹಾರುದ್ರಪ್ಪನವರು ಓಂಪ್ರಕಾಶನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೈವೇ ಮೇಲೆ ಒಂದು ಸುತ್ತು ಹೋಗಿ ಬಂದರು. ಇಳಿದು ಮಡೆಪ್ಪನ ಕಡೆ ನೋಡಿದರು. “ಹೆಣ್ಣು ಎಲ್ಲಿ ಸಿಕ್ತಪಾ?” ಎಂದು ಕೇಳಿದರು. “ಕೊಟ್ಟ ಮನಿಗಿ ಹೋಗಿ ಕೈ ಮುಗದು ಕರ್ಕೊಂಡು ಬಂದೀನ್ರಿ,” ಎಂದ ಮಡೆಪ್ಪ. ಅವರು ಚಹಾದ ಅಂಗಡಿಯ ಸುದ್ದಿ ಕೇಳಿದ್ದರೋ ಏನೋ, ಮುಂದೆ ಏನೂ ಕೇಳಲಿಲ್ಲ.

ಆಟೋನಗರದಲ್ಲಿ ಅದರ ಬೆಲೆ ಇತ್ತು. ದಸರೆಯವರೆಗೆ ಬೇರೆ ಅಂಗಳದವರು ಯಾರೂ ಮಡೆಪ್ಪನ ಮುಂದೆ ಸಾಮಾನು ತಂದಿಡಲಿಲ್ಲ. ಎದುರು ಸಿಕ್ಕವರು ಕಪ್ಪು ಬಸಿ ಹ್ಯಾಂಗದಾವ ಎಂದು ಕೇಳಿ ಹೋಗುತ್ತಿದ್ದರು. ಅವನು ಚೆನ್ನಾಗಿವೆ ಎನ್ನುತ್ತಿದ್ದ. ಅಜೀಮ್ ಸಾಹೇಬರು ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಒಂದು ಗೇರ್ ಬಾಕ್ಸ್ ಅವನ ಮುಂದೆ ದೂಡಿ, ನೋಡು ಎಂದರು.

ಆದರೆ ಆ ಶನಿವಾರದ ಸಂಜೆ ಇನ್ನೂ ಮುಗಿದಿರಲಿಲ್ಲ. ಮಹಾರುದ್ರಪ್ಪನವರು ಹೊರಡುವ ಹೊತ್ತಿಗೆ ಹೈದರಾಬಾದಿನ ಲಾರಿ ಬಂದು ಶೆಡ್ಡಿನ ಮುಂದೆ ನಿಂತಿತು. ಡ್ರೈವರ್ ಇಳಿದು ಯಾವ ಕಾರು ಎಂದು ಕೇಳಿದ. ಮಹಾರುದ್ರಪ್ಪನವರು ಅವನಿಗೆ ಬಂದು ಹೋದ ಖರ್ಚು ಕೊಟ್ಟು, ಕಾರು ತಾನಾಗಿ ಮನೆಗೆ ಹೋಗುತ್ತದೆ, ನೀನು ಖಾಲಿ ಹೋಗು ಎಂದು ಹೇಳಿ ಕಾರು ಹತ್ತಿದರು. ಡ್ರೈವರ್, ಕಾರು ಸದ್ದಿಲ್ಲದೆ ಹೋದ ದಾರಿಯನ್ನು ನೋಡುತ್ತ ನಿಂತ. ಆಮೇಲೆ ತಲೆ ಕೆರೆದುಕೊಂಡು, ಉಸ್ತಾದ್, ನನ್ನ ಗಾಡಿಯ ಕ್ಲಚ್ ದಾರಿಯುದ್ದಕ್ಕೂ ಜಾರುತ್ತಿದೆ, ಜರಾ ನೋಡುತ್ತೀರಾ ಎಂದು ಓಂಪ್ರಕಾಶನನ್ನು ಕೇಳಿದ. ಓಂಪ್ರಕಾಶ ಗೋಣಿತಟ್ಟು ಹಾಸಿ ಲಾರಿಯ ಕೆಳಗೆ ಸರಿದ. ಲಾರಿ ಮಡೆಪ್ಪನಿಗೆ ಗೊತ್ತಿರುವ ಜಾತಿ. ಅವನೂ ಅಂಗಿಯ ತೋಳು ಮಡಚಿಕೊಂಡು ಓಂಪ್ರಕಾಶನ ಪಕ್ಕ ಕೆಳಗೆ ಸರಿದ.